ಹಸು ಕಟ್ಟುವ ಮುಂಚೆ

ಶ್ರಾವಣ ಮಾಸ. ನಾಗರ ಪಂಚಮಿ ಹಬ್ಬ. ಮರದಲ್ಲಿ ಜೋಕಾಲಿ ಕಟ್ಟಿದ್ದಾರೆ. ಮನೆಯಲ್ಲಿ ಉಂಡಿಯ ವಾಸನೆ.

ನಾಲ್ಕು ಜನ ಅಕ್ಕತಂಗಿಯರು ತವರಿಗೆ ಬಂದಿದ್ದಾರೆ. ದೊಡ್ಡಾಕೆಯನ್ನು ಚನ್ನಗಿರಿ ಕಡೆ ಕೊಟ್ಟಿದೆ. ಎರಡನೆಯಾಕೆ ಹೊನ್ನಾಳಿ ಕಡೆಯ ಸೊಸೆ. ಮೂರನೆಯಾಕೆ ನ್ಯಾಮತಿ ಕಡೆ. ಕಿರಿಯಾಕೆ ಜಗಳೂರು ಕಡೆ.

ಊಟ ಆಯಿತು. ನಾಲ್ವರೂ ಜಗಲಿ ಮೇಲೆ ಕುಂತರು. ಎಲೆ ಅಡಿಕೆ ತಟ್ಟೆ ನಡುವೆ ಇತ್ತು.

ಕಿರಿಯಾಕೆ ಮೆಲ್ಲಗೆ ಹೇಳಿದಳು:

“ಅಕ್ಕಾ, ನಾನು ಒಂದು ಹಸು ಕಟ್ಟಬೇಕು ಅಂತಿದ್ದೀನಿ. ಸಂಘದಲ್ಲಿ ಸಾಲ ಕೊಡ್ತಾರಂತೆ.”

ಮೂವರು ಅಕ್ಕಂದಿರೂ ಅವಳ ಮುಖ ನೋಡಿದರು. ಯಾರೂ ಮಾತಾಡಲಿಲ್ಲ. ಯಾಕೆ ಗೊತ್ತೇ? ಹೋದ ವರ್ಷ ಅವಳ ಮನೆಯಲ್ಲಿ ಒಂದು ಹಸು ಸತ್ತಿತ್ತು.

ಆ ಕಥೆಯನ್ನು ಮೊದಲು ಓದೋಣ.

ಸತ್ತ ಹಸುವಿನ ಕಥೆ

ಅವಳ ಗಂಡ ಸಂತೆಗೆ ಹೋಗಿದ್ದ. ಒಬ್ಬ ದಲ್ಲಾಳಿ ಸಿಕ್ಕಿದ. “ದಿನಕ್ಕೆ 10 ಲೀಟರ್ ಹಾಲು. ಕೆಚ್ಚಲು ನೋಡಿ ಹೆಂಗೈತೆ!” ಅಂದ. ಕೆಚ್ಚಲು ತುಂಬಿ ಬಿಗಿದಿತ್ತು. ಗಂಡ ಬಡ್ಡಿ ಸಾಲ ತಂದು ದುಡ್ಡು ಕೊಟ್ಟ. ಹಸು ಹೊಡಕೊಂಡು ಮನೆಗೆ ಬಂದ.

ಮೊದಲ ದಿನ ಹಾಲು ಚೆನ್ನಾಗಿ ಬಂತು. ಎರಡನೇ ದಿನದಿಂದ 4 ಲೀಟರ್. ಹಿಂದಿನ ದಿನ ಹಾಲು ಕರೆಯದೆ ಹಾಗೇ ಬಿಟ್ಟಿದ್ದರು. ಅದಕ್ಕೇ ಸಂತೆಯಲ್ಲಿ ಕೆಚ್ಚಲು ಅಷ್ಟು ದೊಡ್ಡದಾಗಿ ಕಂಡಿತ್ತು.

ಮನೆಯಲ್ಲಿ ಮೇವು ಇರಲಿಲ್ಲ. ಆ ವರ್ಷ ಮಳೆ ಕೈ ಕೊಟ್ಟಿತ್ತು. ಹೊಲದಲ್ಲಿ ಎಳೆ ಜೋಳ ಮೊಣಕಾಲುದ್ದ ಬೆಳೆದು ಬಾಡಿ ನಿಂತಿತ್ತು. “ಹೆಂಗೂ ತೆನೆ ಬರಲ್ಲ, ಹಸುವಾದರೂ ತಿನ್ನಲಿ” ಅಂತ ಬಿಟ್ಟರು.

ಹಸು ತಿಂತು. ಸ್ವಲ್ಪ ಹೊತ್ತಿಗೆ ಏದುಸಿರು ಬಿಟ್ಟಿತು. ಬಾಯಲ್ಲಿ ನೊರೆ ಬಂತು. ಕಾಲು ಝಾಡಿಸಿ ಬಿತ್ತು. ಡಾಕ್ಟರಿಗೆ ಹೇಳಿ ಕಳಿಸುವಷ್ಟರಲ್ಲಿ ಉಸಿರು ನಿಂತಿತ್ತು.

ನೀರಿಲ್ಲದೆ ಬಾಡಿದ ಎಳೆ ಜೋಳದಲ್ಲಿ ವಿಷ ಇರುತ್ತದೆ. ಕೊಯ್ದ ಮೇಲೆ ಚಿಗುರುವ ಕೂಳೆ ಜೋಳದಲ್ಲೂ ಇರುತ್ತದೆ. ಇದು ಅವರಿಗೆ ಗೊತ್ತಿರಲಿಲ್ಲ.

ಹಸುವಿಗೆ ವಿಮೆ ಇರಲಿಲ್ಲ. ಹಸು ಹೋಯಿತು. ಸಾಲ ಉಳಿಯಿತು. ಸಾಲ ತೀರಿಸಲು ಕಿರಿಯಾಕೆ ತನ್ನ ಕಿವಿಯ ಓಲೆ ಮಾರಿದಳು. ಈಗ ಅವಳ ಕಿವಿಯಲ್ಲಿ ಬೇವಿನ ಕಡ್ಡಿ ಇದೆ.

ಅಕ್ಕಂದಿರೇ, ತಪ್ಪು ಎಲ್ಲೆಲ್ಲಿ ಆಯಿತು? ಮುಂದೆ ಓದುವ ಮೊದಲು ನಿಮ್ಮ ಗುಂಪಿನಲ್ಲಿ ಮಾತಾಡಿ.

ಮೊದಲು ಮೇವು, ಆಮೇಲೆ ಹಸು

ದೊಡ್ಡಾಕೆ ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿದಳು:

“ಹಸು ಕಟ್ತೀನಿ ಅಂತೀಯಲ್ಲ. ಏನು ಹಾಕ್ತೀಯ?”

“ಹೊಲದ ಬದುವಿನ ಹುಲ್ಲು ಐತಕ್ಕಾ.”

“ಅದು ಮಳೆಗಾಲಕ್ಕೆ. ಬೇಸಿಗೆಗೆ?”

ಕಿರಿಯಾಕೆ ಸುಮ್ಮನಾದಳು.

ದೊಡ್ಡಾಕೆ ಹೇಳಿದಳು: “ಒಂದು ಮಿಶ್ರತಳಿ ಹಸು ದಿನಕ್ಕೆ 15ರಿಂದ 20 ಕೆಜಿ ಹಸಿಮೇವು ತಿನ್ನುತ್ತೆ. 5ರಿಂದ 6 ಕೆಜಿ ಒಣಮೇವು ಬೇಕು. ದಿನಕ್ಕೆ 5 ಕೆಜಿ ಅಂತ ಹಿಡಿದರೂ ವರ್ಷಕ್ಕೆ 1,825 ಕೆಜಿ ಆಯ್ತು. ಅಷ್ಟು ಒಣಮೇವು ಬಣವೆಯಲ್ಲಿ ಇದ್ದರೆ ಹಸು ತಾ. ಇಲ್ಲದಿದ್ದರೆ ತರಬೇಡ.”

ನಾಲ್ಕು ತಾಲ್ಲೂಕಿನ ನೆಲ ಒಂದೇ ತರ ಇಲ್ಲ. ಮೇವೂ ಒಂದೇ ತರ ಇಲ್ಲ. ಒಬ್ಬೊಬ್ಬರೂ ತಮ್ಮ ಊರಿನ ಮಾತು ಹೇಳಿದರು.

ಚನ್ನಗಿರಿಯ ಅಕ್ಕ: “ನಮ್ಮ ಕಡೆ ಸೂಳೆಕೆರೆ ನೀರು, ಭದ್ರಾ ಕಾಲುವೆ ನೀರು ಐತೆ. ಅಡಿಕೆ ತೋಟ ಹೆಚ್ಚು. ತೋಟದ ಅಂಚಿಗೆ ನೇಪಿಯರ್ ಹುಲ್ಲು ಹಾಕೀನಿ. ನೆಟ್ಟು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು. ಆಮೇಲೆ ಒಂದೂವರೆ ತಿಂಗಳಿಗೆ ಒಂದು ಸಲ ಕೊಯ್ಯಬಹುದು. ಆದರೆ ಒಂದು ಮಾತು. ಅಡಿಕೆಗೆ ಮೈಲುತುತ್ತದ ಔಷಧಿ ಹೊಡೆದಾಗ ಮರದ ಕೆಳಗಿನ ಹುಲ್ಲು ಕೊಯ್ದು ಹಾಕಬೇಡಿ. ಕಳೆನಾಶಕ ಹೊಡೆದ ಹುಲ್ಲೂ ಬೇಡ.”

ಹೊನ್ನಾಳಿಯ ಅಕ್ಕ: “ನಮ್ಮದು ತುಂಗಭದ್ರೆ ದಂಡೆ. ಭತ್ತ ಬೆಳೀತೀವಿ. ಭತ್ತದ ಹುಲ್ಲು ಬೇಕಾದಷ್ಟು. ಆದರೆ ಬರೀ ಭತ್ತದ ಹುಲ್ಲು ಹಾಕಿದರೆ ಹೊಟ್ಟೆ ತುಂಬುತ್ತೆ, ಶಕ್ತಿ ಸಾಲಲ್ಲ. ಅದಕ್ಕೆ ಅಲಸಂದೆ, ಹುರುಳಿ ಹೊಟ್ಟು, ಅಗಸೆ ಸೊಪ್ಪು, ಗ್ಲಿರಿಸಿಡಿಯ ಸೊಪ್ಪು ಕೂಡಿಸಿ ಹಾಕ್ತೀವಿ.”

ನ್ಯಾಮತಿಯ ಅಕ್ಕ: “ನಮ್ಮ ಕಡೆ ಮೆಕ್ಕೆಜೋಳ. ತೆನೆ ಮುರಿದ ಮೇಲೆ ಸಪ್ಪೆಗೆ ಬೆಂಕಿ ಹಾಕೋರು. ಈಗ ನಾವು ಹಾಕಲ್ಲ. ಕತ್ತರಿಸಿ ಹಾಕ್ತೀವಿ. ಇಡೀ ದಂಟು ಹಾಕಿದರೆ ಹಸು ಎಲೆ ತಿಂದು ದಂಟು ತುಳಿಯುತ್ತೆ. ಸಣ್ಣಗೆ ಕತ್ತರಿಸಿದರೆ ಪೋಲು ಕಡಿಮೆ.”

ಕಿರಿಯಾಕೆ ನಿಟ್ಟುಸಿರು ಬಿಟ್ಟಳು: “ನಿಮಗೆ ನೀರೈತೆ. ನಮ್ಮ ಜಗಳೂರಿನಾಗೆ ಮಳೆ ನಂಬಿ ಬದುಕಬೇಕು.”

ಮೂರನೆಯಾಕೆ ಹೇಳಿದಳು: “ನಿಮ್ಮ ಹೊಲದಾಗೂ ಮೆಕ್ಕೆಜೋಳ ಐತಲ್ಲ. ರಸಮೇವು ಮಾಡು. ಕಾಳಲ್ಲಿ ಹಾಲು ತುಂಬಿ ಗಟ್ಟಿಯಾಗೋ ಹೊತ್ತಿಗೆ ಇಡೀ ಗಿಡ ಕೊಯ್ಯಿ. ಸಣ್ಣಗೆ ಕತ್ತರಿಸು. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಅಥವಾ ಗುಂಡಿಗೆ ತುಂಬಿ ತುಳಿ. ಒಳಗೆ ಗಾಳಿ ಉಳಿಯಬಾರದು. ಬಾಯಿ ಬಿಗಿಯಾಗಿ ಕಟ್ಟು. 45 ದಿನಕ್ಕೆ ಮೇವು ತಯಾರು. ಗಾಳಿ ಹೋಗದಿದ್ದರೆ ಬೇಸಿಗೆಯವರೆಗೂ ಕೆಡಲ್ಲ. ಬೂಷ್ಟು ಬಂದದ್ದನ್ನು ಮಾತ್ರ ಹಾಕಬೇಡ.”

“ಜೋಳ?” ಅಂತ ಕಿರಿಯಾಕೆ ಕೇಳಿದಳು. ಅವಳ ದನಿ ಸಣ್ಣಗಾಗಿತ್ತು.

“ಜೋಳ ಹೂವು ಬಿಟ್ಟ ಮೇಲೆ ಹಾಕು. ಎಳೆದು, ಬಾಡಿದ್ದು, ಕೂಳೆ ಚಿಗುರು, ಈ ಮೂರೂ ಬೇಡ.”

ದಿನದ ಊಟ, ದಿನದ ನೀರು

ಮೇವಿನ ಜೊತೆ ಹಿಂಡಿ ಬೇಕು. ಎಷ್ಟು? ಲೆಕ್ಕ ಸುಲಭ.

- ಹಸುವಿನ ಮೈಗೆ: ದಿನಕ್ಕೆ ಒಂದೂವರೆ ಕೆಜಿ.
- ಹಾಲಿಗೆ: ಪ್ರತಿ ಎರಡೂವರೆ ಲೀಟರ್ ಹಾಲಿಗೆ 1 ಕೆಜಿ.
- ಎಮ್ಮೆಯಾದರೆ: ಪ್ರತಿ 2 ಲೀಟರ್ ಹಾಲಿಗೆ 1 ಕೆಜಿ.
- ಖನಿಜ ಮಿಶ್ರಣ: ದಿನಕ್ಕೆ 30ರಿಂದ 50 ಗ್ರಾಂ.

ಹಸು 8 ಲೀಟರ್ ಕೊಟ್ಟರೆ ಮೈಗೆ ಒಂದೂವರೆ ಕೆಜಿ, ಹಾಲಿಗೆ ಸುಮಾರು 3 ಕೆಜಿ. ಒಟ್ಟು ನಾಲ್ಕೂವರೆ ಕೆಜಿ. ಇದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಹಾಕಿ.

ಹಾಲಿನಲ್ಲಿ ಹೆಚ್ಚು ಪಾಲು ನೀರೇ. ನೀರು ಕುಡಿಯದ ಹಸು ಹಾಲು ಕೊಡುವುದಿಲ್ಲ. ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅಂದರೆ ನಾಲ್ಕೈದು ಕೊಡ. ಆ ನೀರು ಹೊರುವವರು ಯಾರು? ಹಸು ತರುವ ಮೊದಲೇ ಮನೆಯಲ್ಲಿ ಮಾತಾಡಿ. ಹೆಣ್ಣಿನ ತಲೆ ಮೇಲೆ ಮಾತ್ರ ಕೊಡ ಇರಬಾರದು.

ಹಬ್ಬ, ಮದುವೆಯಲ್ಲಿ ಉಳಿದ ಅನ್ನ, ಪಾಯಸ ಸುರಿಯಬೇಡಿ. ಒಮ್ಮೆಗೇ ತಿಂದರೆ ಹೊಟ್ಟೆ ಹುಳಿಯಾಗಿ ಹಸು ಸಾಯಬಹುದು.

ಯಾವ ಹಸು ತರಬೇಕು?

“ಸೀಮೆ ಹಸು ಅಂದ್ರೆ ಎಲ್ಲಾ ಒಂದೇ ಅಲ್ವ?” ಅಂತ ಕಿರಿಯಾಕೆ ಕೇಳಿದಳು.

ಒಂದೇ ಅಲ್ಲ. ಕಪ್ಪು ಬಿಳಿ ಮಚ್ಚೆಯ ಎಚ್.ಎಫ್. ಮಿಶ್ರತಳಿ ಹೆಚ್ಚು ಹಾಲು ಕೊಡುತ್ತದೆ. ಹೆಚ್ಚು ತಿನ್ನುತ್ತದೆ. ಬಿಸಿಲು ತಡೆಯುವುದು ಕಡಿಮೆ. ಜೆರ್ಸಿ ಮಿಶ್ರತಳಿ ಸಣ್ಣ ಮೈಯದು. ಕಡಿಮೆ ತಿನ್ನುತ್ತದೆ. ಹಾಲಿನಲ್ಲಿ ಜಿಡ್ಡು ಹೆಚ್ಚು. ಬಿಸಿಲಿಗೂ ಸ್ವಲ್ಪ ಗಟ್ಟಿ. ಮೊದಲ ಸಲ ಕಟ್ಟುವವರಿಗೆ, ಬಯಲು ಸೀಮೆಗೆ ಇದು ಹೊಂದುತ್ತದೆ. ಎಮ್ಮೆ ಹಾಲಿನಲ್ಲಿ ಜಿಡ್ಡು ಇನ್ನೂ ಹೆಚ್ಚು. ಆದರೆ ಎಮ್ಮೆಗೆ ನೆರಳು, ನೀರು ಚೆನ್ನಾಗಿ ಬೇಕು. ನಮ್ಮ ಹಳ್ಳಿಕಾರ್, ಅಮೃತಮಹಲ್ ದನಗಳು ಗೇಯ್ಮೆಗೆ ಹೆಸರಾದವು. ಹಾಲು ಕಡಿಮೆ.

ಕೊಳ್ಳುವಾಗ ಹೀಗೆ ನೋಡಿ:

1. ಎರಡನೇ ಕರು ಹಾಕಿದ ಹಸು ಒಳ್ಳೆಯದು. ಕರು ಹಾಕಿ ಒಂದು ತಿಂಗಳೊಳಗೆ ಇರಲಿ.

2. ಹಲ್ಲು ಎಣಿಸಿ. ಕೆಳ ದವಡೆಯ ಮುಂದೆ 2 ದೊಡ್ಡ ಹಲ್ಲು ಇದ್ದರೆ ಸುಮಾರು ಎರಡರಿಂದ ಎರಡೂವರೆ ವರ್ಷ. 8 ದೊಡ್ಡ ಹಲ್ಲು ಬಂದಿದ್ದರೆ ಸುಮಾರು ನಾಲ್ಕೂವರೆ, ಐದು ವರ್ಷ. ಹಲ್ಲು ಸವೆದಿದ್ದರೆ ಮುದಿ ಹಸು.

3. ಮೂರು ಹೊತ್ತು ಹಾಲು ಕರೆದು ನೋಡಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ. ಒಂದು ಹೊತ್ತಿನ ಹಾಲು ನಂಬಬೇಡಿ.

4. ನಾಲ್ಕೂ ಮೊಲೆ ಕರೆಯಿರಿ. ಮೊದಲ ಹಾಲನ್ನು ಕಪ್ಪು ಬಟ್ಟೆ ಮೇಲೆ ಹಿಂಡಿ. ಗಂಟು, ರಕ್ತ ಕಂಡರೆ ಬೇಡ. ಹಾಲು ಕರೆದ ಮೇಲೆ ಕೆಚ್ಚಲು ಜೋತು ಮೆತ್ತಗಾಗಬೇಕು.

5. ನಡೆಸಿ ನೋಡಿ. ಕಣ್ಣು, ಮೂಗು, ಗೊರಸು ನೋಡಿ.

6. ಆದಷ್ಟೂ ಸಾಕಿದವರ ಮನೆಯಲ್ಲೇ ಕೊಳ್ಳಿ. ಅಲ್ಲಿ ಏನು ತಿನ್ನುತ್ತಿತ್ತು ಕೇಳಿ. ಮೇವು ಒಮ್ಮೆಗೇ ಬದಲಿಸಬೇಡಿ.

7. ಹಾಲು ಕರೆಯುವವರೇ ಹೋಗಿ ನೋಡಿ. ಹಾಲು ಕರೆಯುವುದು ನೀವು. ಸಂತೆಗೂ ನೀವೇ ಹೋಗಿ.

“ಎರಡು ಹಸು ಕಟ್ಟೋ ಆಸೆ ಇದ್ದರೆ ಒಂದೇ ಸಲ ತರಬೇಡ” ಅಂದಳು ದೊಡ್ಡಾಕೆ. “ಒಂದು ತಂದು ಐದಾರು ತಿಂಗಳು ಬಿಟ್ಟು ಇನ್ನೊಂದು ತಾ. ಒಂದು ಬತ್ತಿದಾಗ ಇನ್ನೊಂದು ಕರೀತದೆ. ಮನೆಗೆ ವರ್ಷವೆಲ್ಲಾ ಹಾಲು.”

ಕೊಟ್ಟಿಗೆ

ಕೊಟ್ಟಿಗೆಗೆ ಸಾಲ ಮಾಡಿ ಅರಮನೆ ಕಟ್ಟುವುದು ಬೇಡ. ಒಂದು ಹಸು ನಿಲ್ಲಲು 4 ಅಡಿ ಅಗಲ, ಐದೂವರೆ ಅಡಿ ಉದ್ದದ ಜಾಗ ಬೇಕು. ಮುಂದೆ ಗೋದಲಿ. ಹಿಂದೆ ಗಂಜಲ ಹರಿಯಲು ಕಾಲುವೆ. ನೆಲ ಹಿಂದಕ್ಕೆ ಸ್ವಲ್ಪ ಇಳಿಜಾರು. ನೆಲ ಜಾರಬಾರದು. ಗಾಳಿ ಆಡಬೇಕು. ಸೋಗೆಯ ಚಪ್ಪರವೂ ಆದೀತು. ತಗಡು ಹಾಕಿದರೆ ಬೇಸಿಗೆಯಲ್ಲಿ ಮೇಲೆ ಸೋಗೆ ಹರಡಿ. ಕೊಟ್ಟಿಗೆ ಕಟ್ಟಲು ಏನಾದರೂ ಸಹಾಯ ಇದೆಯೇ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಒಂದು ಹಸು ದಿನಕ್ಕೆ 10ರಿಂದ 15 ಕೆಜಿ ಸಗಣಿ ಹಾಕುತ್ತದೆ. ಬೀದಿಗೆ ಎಸೆದರೆ ಅದು ಗಲೀಜು. ಗುಂಡಿಗೆ ಹಾಕಿದರೆ ಗೊಬ್ಬರ. ಎರಡು ಮೂರು ದನ ಇದ್ದರೆ ದಿನಕ್ಕೆ 25 ಕೆಜಿ ಸಗಣಿ ಸಿಗುತ್ತದೆ. ಸಣ್ಣ ಗೋಬರ್ ಗ್ಯಾಸ್ ಒಲೆಗೆ ಅಷ್ಟು ಸಾಕು.

ಬೆದೆ, ಗಬ್ಬ, ಕರು

ಎರಡನೆಯಾಕೆಗೆ ಕರು ಸಾಕುವುದರಲ್ಲಿ ಒಳ್ಳೆ ಕೈ. ಅವಳು ಹೇಳಿದಳು:

“ಹಸು ಕರು ಹಾಕಿದರೇನೇ ಹಾಲು. ಇದನ್ನು ಮರೆತರೆ ಕೊಟ್ಟಿಗೆಯಲ್ಲಿ ಬರೀ ಬಾಯಿ ಇರುತ್ತೆ, ಕೆಚ್ಚಲು ಇರಲ್ಲ.”

ಹಸು 21 ದಿನಕ್ಕೆ ಒಮ್ಮೆ ಬೆದೆಗೆ ಬರುತ್ತದೆ. ಕೂಗುತ್ತದೆ. ಬೇರೆ ದನದ ಮೇಲೆ ಹತ್ತುತ್ತದೆ. ಮೊಟ್ಟೆಯ ಬಿಳಿಯಂತೆ ತಿಳಿಯಾದ ಲೋಳೆ ಹಾಕುತ್ತದೆ. ಹಾಲು ಕಡಿಮೆಯಾಗುತ್ತದೆ.

ಬೆಳಿಗ್ಗೆ ಬೆದೆ ಕಂಡರೆ ಅಂದೇ ಸಂಜೆ ಇಂಜೆಕ್ಷನ್ ಕೊಡಿಸಿ. ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಕೊಡಿಸಿ. ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು. ಮೇವಿನ ಖರ್ಚು ಮಾತ್ರ ನಿಲ್ಲುವುದಿಲ್ಲ. ಕರು ಹಾಕಿದ ಎರಡು ಮೂರು ತಿಂಗಳಿಗೆ ಮತ್ತೆ ಗಬ್ಬ ಆಗಬೇಕು.

ಹಸು ಗಬ್ಬ ಇರುವುದು ಸುಮಾರು 280 ದಿನ. ಎಮ್ಮೆ ಸುಮಾರು 310 ದಿನ. ಜನವರಿ 1ರಂದು ಗಬ್ಬ ಕಟ್ಟಿದ ಹಸು ಅಕ್ಟೋಬರ್ 8ರ ಆಸುಪಾಸಿನಲ್ಲಿ ಕರು ಹಾಕುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಈಗ ನಿಮಗೆ ಅಂಕಿ ಬರುತ್ತದೆ. ನೆನಪಿನ ಮೇಲೆ ಬಿಡಬೇಡಿ.

ಕರು ಹಾಕುವ ಎರಡು ತಿಂಗಳ ಮೊದಲು ಹಾಲು ಕರೆಯುವುದು ನಿಲ್ಲಿಸಿ. ಹಸುವಿಗೂ ಬಾಣಂತನಕ್ಕೆ ಮೈ ಕಟ್ಟಬೇಕು.

“ನಮ್ಮತ್ತೆ ಹೇಳ್ತಾರೆ, ಮಾಸು ಬೀಳೋವರೆಗೆ ಕರು ಬಿಡಬಾರದು ಅಂತ” ಅಂದಳು ಕಿರಿಯಾಕೆ.

“ಅದು ತಪ್ಪು ಕಣವ್ವ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಗಿಣ್ಣು ಹಾಲು ಕುಡಿಸಬೇಕು. ರೋಗ ತಡೆಯೋ ಶಕ್ತಿ ಅದರಲ್ಲೇ ಇರೋದು. ಕರು 25 ಕೆಜಿ ತೂಗಿದರೆ ಮೊದಲ ದಿನ ಎರಡೂವರೆ ಲೀಟರ್ ಕುಡಿಸು. ಎರಡು ಮೂರು ಸಲಕ್ಕೆ ಹಂಚಿ ಕುಡಿಸು. ಕರುವಿಗೆ ಆದ ಮೇಲೆ ಉಳಿದದ್ದು ನಮ್ಮ ಗಿಣ್ಣಕ್ಕೆ.”

ಹೊಕ್ಕುಳಿಗೆ ಅಯೋಡಿನ್ ಹಚ್ಚಿ. 12 ಗಂಟೆಯಾದರೂ ಮಾಸು ಬೀಳದಿದ್ದರೆ ಡಾಕ್ಟರನ್ನು ಕರೆಯಿರಿ. ಮಾಸಿಗೆ ಕಲ್ಲು ಕಟ್ಟಬೇಡಿ. ಕೈ ಹಾಕಿ ಎಳೆಯಬೇಡಿ. ಕರುವಿಗೆ ಜಂತುಹುಳದ ಔಷಧಿ ಯಾವಾಗ ಎಂದು ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ.

ರೋಗ ಬರುವ ಮೊದಲು

ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆ ಎರಡು ಸಲ ಲಸಿಕೆ ಹಾಕಿಸಬೇಕು. ಸರ್ಕಾರದ ಲಸಿಕೆ ಉಚಿತ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಕಂದುರೋಗದ ಲಸಿಕೆ ಒಂದು ಸಲ. ಈ ರೋಗ ಬಂದರೆ ಹಸು ಕಂದು ಹಾಕುತ್ತದೆ. ಮನುಷ್ಯರಿಗೂ ಅಂಟುತ್ತದೆ. ಕಂದು ಹಾಕಿದ್ದನ್ನು ಬರಿಗೈಲಿ ಮುಟ್ಟಬೇಡಿ. ಹಸಿ ಹಾಲು ಕುಡಿಯಬೇಡಿ. ಮಳೆಗಾಲಕ್ಕೆ ಮೊದಲು ಗಳಲೆ ರೋಗ, ಚಪ್ಪೆ ರೋಗದ ಲಸಿಕೆ.

2022ರಲ್ಲಿ ಚರ್ಮಗಂಟು ರೋಗ ನಮ್ಮ ರಾಜ್ಯದಲ್ಲಿ ಹರಡಿತು. ಮೈಮೇಲೆಲ್ಲಾ ಗಂಟು ಎದ್ದು ಎಷ್ಟೋ ದನ ಸತ್ತವು. ನೊಣ, ಸೊಳ್ಳೆ, ಉಣ್ಣೆಯಿಂದ ಅದು ಹರಡುತ್ತದೆ. ಕೊಟ್ಟಿಗೆ ಒಣಗಿರಲಿ. ಗಂಟು ಕಂಡ ದನವನ್ನು ಬೇರೆ ಕಟ್ಟಿ.

ಹಾಲು ಕರೆಯುವ ಹಸುವಿಗೆ ದೊಡ್ಡ ಶತ್ರು ಕೆಚ್ಚಲು ಬಾವು. ಕೈ ತೊಳೆದು ಕರೆಯಿರಿ. ಕೆಚ್ಚಲು ತೊಳೆದು ಒರೆಸಿ. ಇಡೀ ಅಂಗೈಯಲ್ಲಿ ಹಿಡಿದು ಕರೆಯಿರಿ. ಹೆಬ್ಬೆರಳು ಮಡಚಿ ಎಳೆಯಬೇಡಿ. ಕರೆದ ಮೇಲೆ ಗೋದಲಿಗೆ ಮೇವು ಹಾಕಿ. ಹಸು ಅರ್ಧ ಗಂಟೆ ನಿಂತಿರುತ್ತದೆ. ಮೊಲೆಯ ತೂತು ಅಷ್ಟರಲ್ಲಿ ಮುಚ್ಚಿಕೊಳ್ಳುತ್ತದೆ.

ಹಸುವಿಗೆ ಇಂಜೆಕ್ಷನ್ ಕೊಡಿಸಿದರೆ ಎಷ್ಟು ದಿನ ಹಾಲು ಮಾರಬಾರದು ಎಂದು ಡಾಕ್ಟರನ್ನು ಕೇಳಿ. ಆ ಹಾಲು ಇನ್ನೊಬ್ಬರ ಮಗು ಕುಡಿಯುತ್ತದೆ.

ದನಕ್ಕೆ ಕಾಯಿಲೆ ಆದರೆ ಕರೆ ಮಾಡುವ ಸಂಖ್ಯೆ: 1962. ಇದನ್ನು ಕೊಟ್ಟಿಗೆ ಗೋಡೆ ಮೇಲೆ ದೊಡ್ಡದಾಗಿ ಬರೆಯಿರಿ.

ಹಸುವಿನ ಓಲೆ

ಹಸುವಿನ ಕಿವಿಗೆ ಹಳದಿ ಬಿಲ್ಲೆ ಹಾಕುತ್ತಾರೆ. ನಮ್ಮ ಹೆಂಗಸರು ಅದನ್ನು ಓಲೆ ಅನ್ನುತ್ತಾರೆ. ಅದರ ಮೇಲೆ 12 ಅಂಕಿ ಇರುತ್ತವೆ. ಆ ಸಂಖ್ಯೆ ನಿಮ್ಮ ಹಸುವಿಗೆ ಮಾತ್ರ ಸೇರಿದ್ದು.

ವಿಮೆ ಮಾಡಿಸುವಾಗ ಆ ಸಂಖ್ಯೆ ಬರೆಯುತ್ತಾರೆ. ಕಾಗದದ ಮೇಲಿನ 12 ಅಂಕಿ, ಓಲೆಯ ಮೇಲಿನ 12 ಅಂಕಿ ಒಂದೇ ಇದೆಯೇ? ನೀವೇ ಓದಿ ನೋಡಿ. ಒಂದು ಅಂಕಿ ತಪ್ಪಿದರೂ ತಿದ್ದಿಸಿ. ಓಲೆ ಬಿದ್ದು ಹೋದರೆ ಕೂಡಲೇ ಹೇಳಿ ಹೊಸದು ಹಾಕಿಸಿ. ಹಸು ಸತ್ತರೆ ಡಾಕ್ಟರಿಗೆ, ವಿಮೆಯವರಿಗೆ ತಿಳಿಸುವವರೆಗೆ ಹೂಳಬೇಡಿ. ಓಲೆ ಕಳೆಯಬೇಡಿ. ಓಲೆ ಇಲ್ಲದಿದ್ದರೆ ಪರಿಹಾರ ಸಿಗುವುದು ಕಷ್ಟ.

ಹಸು ನಿನ್ನದು, ಪುಸ್ತಕ ಯಾರದು?

ಮೂರನೆಯಾಕೆ ತನ್ನ ಊರಿನ ಹಾಲಿನ ಸಂಘದ ಸದಸ್ಯೆ. ಅವಳು ಕೇಳಿದಳು:

“ಸಗಣಿ ಬಾಚೋದು ಯಾರು?”
“ನಾನು.”
“ಹುಲ್ಲು ತರೋದು?”
“ನಾನು.”
“ಹಾಲು ಕರೆಯೋದು?”
“ನಾನೇ.”
“ಹಾಲಿನ ಪುಸ್ತಕದಾಗೆ ಹೆಸರು?”

ಕಿರಿಯಾಕೆ ನಕ್ಕಳು. ಆಮೇಲೆ ನಗು ನಿಂತಿತು.

“ಸಂಘದಲ್ಲಿ ನಿನ್ನ ಹೆಸರಲ್ಲೇ ಸದಸ್ಯತ್ವ ತಗೋ. ಷೇರು ನಿನ್ನ ಹೆಸರಲ್ಲಿ. ಬ್ಯಾಂಕ್ ಖಾತೆ ನಿನ್ನ ಹೆಸರಲ್ಲಿ. ಹಾಲಿನ ದುಡ್ಡು, ಸರ್ಕಾರದ ಪ್ರೋತ್ಸಾಹಧನ ನಿನ್ನ ಖಾತೆಗೇ ಬರಲಿ. ವಿಮೆಯೂ ನಿನ್ನ ಹೆಸರಲ್ಲಿ. ಸದಸ್ಯೆ ಆದರೆ ಸಭೆಯಲ್ಲಿ ಮಾತಾಡಬಹುದು. ವೋಟು ಹಾಕಬಹುದು. ಚುನಾವಣೆಗೂ ನಿಲ್ಲಬಹುದು. ಗಂಡನ ಮೇಲೆ ಸಿಟ್ಟಿಗಲ್ಲ ಕಣೇ. ದುಡಿದವರ ಹೆಸರು ಕಾಗದದ ಮೇಲೆ ಇರಬೇಕು, ಅಷ್ಟೇ.”

ಹಾಲಿನ ಪುಸ್ತಕದಲ್ಲಿ ಎಷ್ಟು ಲೀಟರ್, ಜಿಡ್ಡು ಎಷ್ಟು, ದರ ಎಷ್ಟು ಎಂದು ಬರೆದಿರುತ್ತದೆ. ಬರೀ ಲೀಟರ್ ನೋಡಿ ಬರಬೇಡಿ. ಜಿಡ್ಡು ಹೆಚ್ಚಿದರೆ ದರ ಹೆಚ್ಚು. ಹಸುವಿನ ಹಾಲಿನಲ್ಲಿ ಜಿಡ್ಡು 3.5, ಜಿಡ್ಡು ಬಿಟ್ಟು ಉಳಿದ ಗಟ್ಟಿ ಅಂಶ 8.5 ಇರಬೇಕು.

“ನನ್ನ ಪುಸ್ತಕದಾಗೆ ಒಂದು ಸಲ 3.1 ಅಂತ ಇತ್ತು” ಅಂದಳು ಮೂರನೆಯಾಕೆ. “ಮೋಸ ಮಾಡ್ತಾರೆ ಅಂತ ಜಗಳಕ್ಕೆ ಹೋದೆ. ನನ್ನ ಎದುರಿಗೇ ಮತ್ತೆ ಪರೀಕ್ಷೆ ಮಾಡಿದರು. ಅಷ್ಟೇ ಬಂತು. ಆಮೇಲೆ ತಿಳೀತು. ನಾನು ಮೊದಲು ಹಾಲು ಕರೆದು ಕೊನೆಯ ಹಾಲು ಕರುವಿಗೆ ಬಿಡ್ತಿದ್ದೆ. ಜಿಡ್ಡು ಇರೋದೇ ಕೊನೆಯ ಹಾಲಿನಲ್ಲಿ! ಒಣಮೇವೂ ಕಡಿಮೆ ಹಾಕ್ತಿದ್ದೆ. ಈಗ ಕರುವಿಗೆ ಮೊದಲೇ ಅದರ ಪಾಲು ಕುಡಿಸ್ತೀನಿ. ಕೊನೆಯ ಹನಿವರೆಗೆ ಕರೀತೀನಿ. ಜಿಡ್ಡು ಏರಿತು.”

ಅನುಮಾನ ಬಂದರೆ ಕೇಳಿ. ಕೇಳುವುದು ಸದಸ್ಯರ ಹಕ್ಕು.

ಹಾಲಿನ ಸಂಘ ಹುಟ್ಟಿದ್ದು ಹೇಗೆ?

ಗುಜರಾತಿನ ಖೇಡಾ ಜಿಲ್ಲೆ. ಅಲ್ಲಿಯ ರೈತರು ಮಧ್ಯವರ್ತಿಗಳಿಗೆ ಹಾಲು ಕೊಡುತ್ತಿದ್ದರು. ಬೆಲೆ ಸಿಗುತ್ತಿರಲಿಲ್ಲ. ಸರ್ದಾರ್ ವಲ್ಲಭಭಾಯಿ ಪಟೇಲರು “ನಿಮ್ಮದೇ ಸಂಘ ಕಟ್ಟಿಕೊಳ್ಳಿ” ಎಂಬ ದಾರಿ ತೋರಿಸಿದರು. ತ್ರಿಭುವನದಾಸ್ ಪಟೇಲರು ಮುಂದೆ ನಿಂತರು. 15 ದಿನ ಯಾರೂ ಹಾಲು ಮಾರಲಿಲ್ಲ. 1946ರಲ್ಲಿ ಅವರ ಸಂಘ ನೋಂದಣಿ ಆಯಿತು. ಅದೇ ಮುಂದೆ ಅಮುಲ್ ಎಂದು ಹೆಸರಾಯಿತು.

ನಮ್ಮ ರಾಜ್ಯದಲ್ಲಿ 1974ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ಹೈನು ಅಭಿವೃದ್ಧಿ ಕೆಲಸ ಶುರುವಾಯಿತು. 1984ರಲ್ಲಿ ಅದು ಕರ್ನಾಟಕ ಹಾಲು ಮಹಾಮಂಡಳ, ಅಂದರೆ ಕೆ.ಎಂ.ಎಫ್. ಆಯಿತು. ನಂದಿನಿ ಹಾಲು ಅದರದೇ. ಊರಿನ ಸಂಘ, ಅದರ ಮೇಲೆ ಒಕ್ಕೂಟ, ಅದರ ಮೇಲೆ ಮಹಾಮಂಡಳ. ಶಿಮುಲ್ ಎಂಬ ಶಿವಮೊಗ್ಗದ ಒಕ್ಕೂಟ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಹಾಲು ಕೂಡಿಸಿ ಬೆಳೆಯಿತು. ಕೇಂದ್ರ ಸರ್ಕಾರ 1986-87ರಲ್ಲಿ ಮಹಿಳೆಯರಿಗಾಗಿ ‘ಸ್ಟೆಪ್’ ಎಂಬ ಯೋಜನೆ ತಂದಿತು. ಅದರ ನೆರವಿನಿಂದ ಹೆಂಗಸರೇ ನಡೆಸುವ ಹಾಲಿನ ಸಂಘಗಳು ಎಷ್ಟೋ ಊರಲ್ಲಿ ಹುಟ್ಟಿದವು.

ಲೆಕ್ಕ ಮಾಡೋಣ

ಇದು ಉದಾಹರಣೆಯ ಲೆಕ್ಕ. ನಿಮ್ಮ ಊರಿನ ದರ ಹಾಕಿ ನೀವೇ ಮಾಡಿ.

ಹಸು ಕೊಡುವ ಹಾಲು ದಿನಕ್ಕೆ 8 ಲೀಟರ್. ಮನೆಗೆ 1 ಲೀಟರ್. ಸಂಘಕ್ಕೆ 7 ಲೀಟರ್. ಲೀಟರಿಗೆ 35 ರೂಪಾಯಿ ಎಂದು ಹಿಡಿಯೋಣ.

ಒಂದು ದಿನಕ್ಕೆ: 7 × 35 = 245 ರೂಪಾಯಿ.
ಒಂದು ತಿಂಗಳಿಗೆ: 245 × 30 = 7,350 ರೂಪಾಯಿ.

ತಿಂಗಳ ಖರ್ಚು:
ಹಿಂಡಿ (ದಿನಕ್ಕೆ ನಾಲ್ಕೂವರೆ ಕೆಜಿ, ಕೆಜಿಗೆ 28 ರೂಪಾಯಿ): 3,780
ಖನಿಜ ಮಿಶ್ರಣ: 150
ಔಷಧಿಗೆ ಎತ್ತಿಡುವುದು: 200
ವಿಮೆಗೆ ಎತ್ತಿಡುವುದು: 250
ಸಾಲದ ಕಂತು: 1,500
ಒಟ್ಟು: 5,880 ರೂಪಾಯಿ.

ಉಳಿಯುವುದು: 7,350 – 5,880 = 1,470 ರೂಪಾಯಿ.

ಹಸು ವರ್ಷವೆಲ್ಲಾ ಹಾಲು ಕೊಡುವುದಿಲ್ಲ. ಬತ್ತಿದ ಎರಡು ತಿಂಗಳು ಹಾಲಿನ ದುಡ್ಡು ಇಲ್ಲ. ಆಗ ದಿನಕ್ಕೆ 2 ಕೆಜಿ ಹಿಂಡಿ ಹಾಕಿದರೆ ತಿಂಗಳಿಗೆ 1,680. ಉಳಿದ ಖರ್ಚು, ಕಂತು ಸೇರಿ 3,780. ಎರಡು ತಿಂಗಳಿಗೆ 7,560 ರೂಪಾಯಿ. ಹಾಲು ಬರುವಾಗಲೇ ಈ ದುಡ್ಡು ಎತ್ತಿಡಬೇಕು. ಇಲ್ಲದಿದ್ದರೆ ಮತ್ತೆ ಬಡ್ಡಿ ಸಾಲ.

ಮೇವು ಕೊಳ್ಳುವುದಾದರೆ ಈ ಉಳಿತಾಯವೂ ಉಳಿಯುವುದಿಲ್ಲ. ಈ ಲೆಕ್ಕದಲ್ಲಿ ನಿಮ್ಮ ಕೂಲಿಯನ್ನೂ ಹಿಡಿದಿಲ್ಲ. ಹಾಗಾದರೆ ಲಾಭ ಎಲ್ಲಿ? ಮನೆಯ ಮಕ್ಕಳಿಗೆ ಹಾಲು. ಹೊಲಕ್ಕೆ ಗೊಬ್ಬರ. ಬೆಳೆಯುವ ಹೆಣ್ಣು ಕರು. ಸಾಲ ತೀರಿದ ಮೇಲೆ ಕಂತಿನ ದುಡ್ಡೂ ನಿಮ್ಮದೇ. ಒಂದು ಹಸು ಸಾಹುಕಾರರನ್ನು ಮಾಡುವುದಿಲ್ಲ. ಆದರೆ ಸಾಹುಕಾರನ ಮನೆ ಬಾಗಿಲಿಗೆ ಹೋಗುವುದನ್ನು ತಪ್ಪಿಸಬಹುದು.

ಮುಂದೆ ಏನಾಯಿತು?

ಕಿರಿಯಾಕೆ ಆ ಹಬ್ಬಕ್ಕೆ ಹಸು ತರಲಿಲ್ಲ. ಮೊದಲು ಮೆಕ್ಕೆಜೋಳದ ರಸಮೇವು ಮಾಡಿದಳು. ಶೇಂಗಾ ಹೊಟ್ಟು ಒಣಗಿಸಿ ಇಟ್ಟಳು. ಬಚ್ಚಲ ನೀರು ಹರಿಯುವಲ್ಲಿ ನೇಪಿಯರ್ ನೆಟ್ಟಳು. ನಾಲ್ಕು ನುಗ್ಗೆ, ನಾಲ್ಕು ಅಗಸೆ ಹಚ್ಚಿದಳು. ಸಂಕ್ರಾಂತಿ ಕಳೆದ ಮೇಲೆ ಗಂಡ ಹೆಂಡಿರು ಇಬ್ಬರೂ ಹೋದರು. ಒಂದು ಮನೆಯಲ್ಲಿ ಜೆರ್ಸಿ ಹಸು ನೋಡಿದರು. ಮೂರು ಹೊತ್ತು ಹಾಲು ಕರೆದಳು. ಏಳೂವರೆ ಲೀಟರ್ ಬಂತು. ಮಾರುವವನು ಒಂಬತ್ತು ಅಂದಿದ್ದ. ಏಳೂವರೆಯ ಬೆಲೆಗೇ ಕೊಂಡಳು.

ವಿಮೆಯ ಕಾಗದ ಬಂತು. ಅವಳು ಕೊಟ್ಟಿಗೆಗೆ ಹೋದಳು. ಹಸುವಿನ ಕಿವಿ ಹಿಡಿದು ಓಲೆ ಒರೆಸಿದಳು. ಒಂದೊಂದೇ ಅಂಕಿ ಬೆರಳಿಟ್ಟು ಓದಿದಳು. ಹನ್ನೆರಡೂ ಸರಿ ಇದ್ದವು.

ಗಂಡ ಬಾಗಿಲಲ್ಲಿ ನಿಂತು ಹೇಳಿದ: “ಹಸುವಿಗೆ ಓಲೆ ಬಂತು. ಇನ್ನು ನಿನಗೆ ತರಬೇಕು.”

“ಮೊದಲು ಬತ್ತೋ ತಿಂಗಳಿನ ದುಡ್ಡು ಎತ್ತಿಡೋಣ” ಅಂದಳು ಅವಳು.

ಹೊಸ ಪದಗಳು

ರಸಮೇವು – ಗಾಳಿ ತಾಗದಂತೆ ತುಂಬಿಟ್ಟ ಹಸಿಮೇವು
ಬೆದೆ – ಹಸು ಗಬ್ಬ ಕಟ್ಟಲು ತಯಾರಾದ ಹೊತ್ತು
ಕಂತು – ಸಾಲ ತೀರಿಸಲು ತಿಂಗಳು ತಿಂಗಳು ಕಟ್ಟುವ ಹಣ
ಒಕ್ಕೂಟ – ಹಲವು ಸಂಘ ಸೇರಿ ಆದ ದೊಡ್ಡ ಸಂಘ

ಬಿಟ್ಟ ಜಾಗ ತುಂಬಿ

1. ಹಸು ____ ದಿನಕ್ಕೆ ಒಮ್ಮೆ ಬೆದೆಗೆ ಬರುತ್ತದೆ.
2. ಹಸುವಿನ ಓಲೆಯ ಮೇಲೆ ____ ಅಂಕಿ ಇರುತ್ತವೆ.
3. ದನಕ್ಕೆ ಕಾಯಿಲೆ ಆದರೆ ಕರೆ ಮಾಡುವ ಸಂಖ್ಯೆ ____.
4. ಕರುವಿಗೆ ಒಂದೆರಡು ಗಂಟೆಯೊಳಗೆ ____ ಹಾಲು ಕುಡಿಸಬೇಕು.

ಮಾತಾಡಿ, ಬರೆಯಿರಿ

1. ಸಂತೆಯಲ್ಲಿ ಕೊಂಡ ಹಸು ಸತ್ತಿದ್ದಕ್ಕೆ ಕಾರಣಗಳೇನು? ಯಾವುದನ್ನು ತಪ್ಪಿಸಬಹುದಿತ್ತು?
2. ನಿಮ್ಮ ಮನೆಯಲ್ಲಿ ಒಂದು ಹಸುವಿಗೆ ವರ್ಷಕ್ಕೆ ಆಗುವಷ್ಟು ಮೇವು ಇದೆಯೇ? ಯಾವ ತಿಂಗಳಲ್ಲಿ ಕೊರತೆ?
3. ನಿಮ್ಮ ಊರಿನ ಹಾಲಿನ ಸಂಘದಲ್ಲಿ ಹೆಂಗಸರ ಹೆಸರಿನ ಪುಸ್ತಕ ಎಷ್ಟಿವೆ? ಹೋಗಿ ಕೇಳಿ, ಬರೆದುಕೊಂಡು ಬನ್ನಿ.
4. ನಿಮ್ಮ ಹಸುವಿನ ಓಲೆಯ ಸಂಖ್ಯೆಯನ್ನು ಇಲ್ಲಿ ನಿಮ್ಮ ಕೈಯಾರೆ ಬರೆಯಿರಿ:

____________